ಕಾರ್ನರ್ ಸೈಟಿಗೆ ಮೂರು ಕೀ

ಉಲ್ಲಾಳದ ಕಡೆ ಎದ್ದ ಹೊಸ ಬಡಾವಣೆಯ ನಾನ್ನೂರ ಹನ್ನೆರಡು ಸೈಟುಗಳಿಗೂ ಅರ್ಜಿ ತುಂಬಿದ್ದು ಮುನಿರಾಮಯ್ಯನ ಕೈ. ಹಂಚಿಕೆ ಪತ್ರ ಬರೆದದ್ದೂ ಅದೇ ಕೈ. ಆ ಕೈಗೆ ಮಾತ್ರ ಒಂದು ಹಿಡಿ ಮಣ್ಣೂ ದಕ್ಕಲಿಲ್ಲ. ವಿಜಯನಗರದ ಶ್ರಮಜ್ಯೋತಿ ಗೃಹ ನಿರ್ಮಾಣ ಸಹಕಾರ ಸಂಘದಲ್ಲಿ ಅವನು ಹೆಡ್‌ಕ್ಲಾರ್ಕು. ಸಂಘದ ಸಂಬಳ ತಿನ್ನುವವನು ಸಂಘದ ಸದಸ್ಯನಾಗುವಂತಿಲ್ಲ ಎಂದು ನಿಯಮಾವಳಿಯ ಒಂಬತ್ತನೇ ಕಲಮು ಹೇಳುತ್ತಿತ್ತು. ಆ ನಿಯಮಾವಳಿಯನ್ನು ಟೈಪು ಮಾಡಿದವನೂ ಅವನೇ. ಅದನ್ನು ನೆನೆದಾಗಲೆಲ್ಲ ಹಲ್ಲು ಕಡಿಯುತ್ತಿದ್ದ.

ಅದಾದರೂ ನುಂಗಿಕೊಳ್ಳಬಹುದಿತ್ತು. ನುಂಗಲಾರದ್ದು ನೂರ ಹದಿನಾಲ್ಕನೇ ನಂಬರಿನ ಸೈಟು. ಅವನ ಅಣ್ಣ ಬೈರಯ್ಯ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಡ್ರಿಲ್ಲಿಂಗ್ ಮೆಷಿನ್ನಿನ ಮುಂದೆ ಇಪ್ಪತ್ತು ವರ್ಷ ನಿಂತವನು. ಸಂಘ ಹುಟ್ಟಿದ ಎಂಬತ್ತೆರಡರಲ್ಲೇ ಸದಸ್ಯನಾಗಿ, ಎಂಬತ್ತೈದರಲ್ಲಿ ಕಾಮಾಲೆಯಾಗಿ ಸತ್ತ. ಮರುವರ್ಷ ಚೀಟಿ ಎತ್ತಿದಾಗ ಆ ಸತ್ತವನ ಹೆಸರಿಗೆ ಬಂತು ಕಾರ್ನರ್ ಸೈಟು! ನಲವತ್ತು ಅರವತ್ತು, ಪೂರ್ವದ ಬಾಗಿಲು, ಬಸ್ಸು ನಿಲ್ಲುವುದು ಅದರ ಮೂಗಿನ ಮುಂದೆಯೇ. ಆ ಚೀಟಿಯನ್ನು ಬಿಡಿಸಿ ಓದಿದ್ದೂ ಮುನಿರಾಮಯ್ಯನೇ. ಓದುವಾಗ ದನಿ ನಡುಗಿತು. ಅಣ್ಣನ ನೆನಪಾಗಿರಬೇಕು ಪಾಪ ಎಂದು ಜನ ಲೊಚಗುಟ್ಟಿದರು.

ಹಕ್ಕು ಅಣ್ಣನ ಹೆಂಡತಿ ನರಸಮ್ಮನದಾಯಿತು. ಮಕ್ಕಳಿಲ್ಲದ ಹೆಂಗಸು. ಅತ್ತಿಗುಪ್ಪೆಯ ಅದೇ ವಠಾರದಲ್ಲಿ, ಅವನ ಮನೆಯ ಗೋಡೆಗೆ ಅಂಟಿಕೊಂಡ ಒಂದೇ ಕೋಣೆಯಲ್ಲಿ ಊದುಬತ್ತಿ ಹೊಸೆದು ಬದುಕುತ್ತಿದ್ದಳು. ಅಕ್ಷರ ಬಾರದು. ಪ್ರತಿ ಭಾನುವಾರ ಬುತ್ತಿ ಕಟ್ಟಿಕೊಂಡು, ಬಸ್ಸು ಹತ್ತಿ ಹೋಗಿ, ತನ್ನ ಸೈಟಿನ ಗಡಿಕಲ್ಲಿನ ಮೇಲೆ ಕೂತು ಉಂಡು ಬರುತ್ತಿದ್ದಳು.

"ಮನೆ ಕಟ್ಟೋ ಯೋಗ ಇದ್ಯೋ ಇಲ್ವೋ, ನಮ್ ಜಾಗ್ದಲ್ಲಿ ಕೂತು ಒಂದು ತುತ್ತು ತಿಂದ್ರೆ ಹೊಟ್ಟೆ ತಣ್ಣಗಾಯ್ತದೆ ಕಣಪ್ಪಾ," ಎನ್ನುತ್ತಿದ್ದಳು. "ನನ್ ಕಾಲ ಆದ್ಮೇಲೆ ಅದು ನಿಮಗೇ ಅಲ್ವಾ?"

ಅವಳ ಕಾಲ ಆಗುವುದು ಯಾವಾಗ? ನಲವತ್ತಾರು ವರ್ಷ ವಯಸ್ಸು. ನೆಗಡಿಯೆಂದು ಒಂದು ದಿನ ಮಲಗಿದವಳಲ್ಲ. ಅವಳಮ್ಮ ತೊಂಬತ್ತರ ಹತ್ತಿರ ಬಂದರೂ ಇನ್ನೂ ಕೊಟ್ಟಿಗೆ ಗುಡಿಸುತ್ತಿದ್ದಾಳೆ ಎಂಬುದನ್ನು ಮುನಿರಾಮಯ್ಯ ವಿಚಾರಿಸಿ ತಿಳಿದಿದ್ದ. ಈ ಲೆಕ್ಕದಲ್ಲಿ ಕಾರ್ನರ್ ಸೈಟು ಕೈಗೆ ಬರುವಷ್ಟರಲ್ಲಿ ಅವನನ್ನೇ ಚಟ್ಟಕ್ಕೆ ಕಟ್ಟಿರುತ್ತಾರೆ.

ದಾರಿ ಒಂದಿತ್ತು. ಸದಸ್ಯ ಸತ್ತರೆ ಅವನ ಹೆಂಡತಿ ಆ ಹಕ್ಕನ್ನು ರಕ್ತಸಂಬಂಧಿಗೆ ಬಿಟ್ಟುಕೊಡಬಹುದು. ರಕ್ತಸಂಬಂಧಿ ಸಂಘದ ನೌಕರನಾದರೂ ಅಡ್ಡಿಯಿಲ್ಲ. ತೊಡಕು ಒಂದೇ. ಹೆಂಡತಿ ಖುದ್ದಾಗಿ ಆಫೀಸಿಗೆ ಬಂದು, ಬಾಯಿಬಿಟ್ಟು ಒಪ್ಪಿಗೆ ಹೇಳಬೇಕು. ಅದನ್ನು ಕೇಳಿದ ಮೇಲೆಯೇ ಜಗದಾಂಬಾ ಆ ವರ್ಗಾವಣೆಯನ್ನು ಕಂಪ್ಯೂಟರಿಗೆ ಹಾಕುತ್ತಾಳೆ.

ಜಗದಾಂಬಾ ಸಂಘದ ಕಂಪ್ಯೂಟರ್ ಆಪರೇಟರು. ಬಸವೇಶ್ವರನಗರದಿಂದ ಬರುವ, ಇಪ್ಪತ್ತೆರಡರ ಹುಡುಗಿ, ಕೆಲಸ ಇನ್ನೂ ಖಾಯಂ ಆಗಿಲ್ಲ. ಧೂಳು ಬಿದ್ದರೆ ಮೆಷಿನ್ ಕೆಡುತ್ತದೆಂದು ಆ ಕೋಣೆಯ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಡಬೇಕು. ಅಧ್ಯಕ್ಷರು ಮೆಟ್ಟು ಹಾಕಿಕೊಂಡೇ ಒಳಗೆ ಬಂದಾಗ, "ಸಾರ್, ಚಪ್ಪಲಿ," ಎಂದು ಅವರನ್ನೇ ಹೊರಗೆ ಕಳಿಸಿದವಳು ಈ ಜಗದಾಂಬಾ. ಅಂಥವಳ ಬಳಿ ಸುಳ್ಳು ಒಪ್ಪಿಗೆ ನಡೆಯುವುದಿಲ್ಲ. ಅವಳ ಪಾಸ್‌ವರ್ಡ್ ಅವಳೊಬ್ಬಳಿಗೇ ಗೊತ್ತು. ಹಾಗಾಗಿ ಬೇಕಾದದ್ದು ಅವಳ ಮನಸ್ಸೂ ಅಲ್ಲ, ಪಾಸ್‌ವರ್ಡೂ ಅಲ್ಲ. ಅವಳನ್ನು ಬಳಸಿ ಹೋಗುವ ಒಂದು ಹಿತ್ತಿಲ ಬಾಗಿಲು.

ಆ ಬಾಗಿಲನ್ನು ಅವಳೇ ತೋರಿಸಿಕೊಟ್ಟಳು. ಎಂಬತ್ತೇಳರ ಜುಲೈ ತಿಂಗಳಲ್ಲಿ ಒಮ್ಮೆ ಪಾಸ್‌ವರ್ಡ್ ಬದಲಾಯಿಸಿ, ಬದಲಾಯಿಸಿದ್ದನ್ನು ಮರೆತು, ಅಳುವುದೊಂದು ಬಾಕಿಯಾಗಿ ಕೂತಳು. ಮೆಷಿನ್ ಮಾರಿದ ಕಂಪನಿಯ ಇಂಜಿನಿಯರು ಸ್ಕೂಟರಿನಲ್ಲಿ ಬಂದ. ಬಾಯಲ್ಲಿ ಬೀಡಾ ಇಟ್ಟುಕೊಂಡೇ ಮೂರು ಕೀಗಳನ್ನು ಒಟ್ಟಿಗೆ ಒತ್ತಿದ. ಕಂಟ್ರೋಲ್, ಆಲ್ಟ್, ಡಿಲೀಟ್. ಮೆಷಿನ್ ಒಮ್ಮೆ ಸತ್ತು ಮತ್ತೆ ಹುಟ್ಟಿತು. ಪರದೆಯ ಮೇಲೆ ಪ್ರಶ್ನೆ ಮೂಡಿದ್ದೇ ತಡ, ಕಂಟ್ರೋಲಿನ ಜೊತೆ ಸಿ ಅಕ್ಷರ ಒತ್ತಿದ. ಕೆಲಸ ನಿಲ್ಲಿಸಲೇ ಎಂದು ಮೆಷಿನ್ ಇಂಗ್ಲಿಷಿನಲ್ಲಿ ಕೇಳಿತು. ಹೌದು ಎಂದ. ಅಷ್ಟೇ. ಕಾವಲುಗಾರ ಎದ್ದು ಹೋದ ಮನೆಯ ಹಾಗೆ ಮೆಷಿನ್ ತೆರೆದುಕೊಂಡಿತು. ಸೈಟ್ ಎಂದು ಇಂಗ್ಲಿಷಿನ ನಾಲ್ಕು ಅಕ್ಷರ ಹೊಡೆದ, ಪಟ್ಟಿ ಎದುರಿಗೆ ಬಂತು.

"ಪಾಸ್‌ವರ್ಡೇ ಕೇಳ್ಲಿಲ್ವಲ್ರೀ!" ಎಂದರು ಅಧ್ಯಕ್ಷ ಶಂಭುಲಿಂಗಪ್ಪ.

"ಎಮರ್ಜೆನ್ಸಿಗೆ ಅಂತ ಇರೋ ಕೀಗಳು ಸಾರ್. ಕಂಪನಿಯಿಂದ ಬರೋವಾಗ್ಲೇ ಎಲ್ಲಾ ಮೆಷಿನ್ನಲ್ಲೂ ಚಾಲೂ ಇರುತ್ತೆ. ಯಾರೂ ಮುಟ್ಟೋಕ್ ಹೋಗಲ್ಲ. ಬೇಡ ಅಂದ್ರೆ ಬಂದ್ ಮಾಡ್ಕೊಡ್ತೀನಿ, ಹತ್ತು ನಿಮಿಷದ್ ಕೆಲ್ಸ."

ಅಧ್ಯಕ್ಷರು ತಲೆ ಕೆರೆದುಕೊಂಡರು. ಆಗ ಮುನಿರಾಮಯ್ಯ ವಿನಯದಿಂದ ಬಾಯಿ ಹಾಕಿದ. "ಇರ್ಲಿ ಬಿಡಿ ಸಾರ್. ಈ ಹುಡುಗಿ ನಾಳೆ ಮತ್ತೆ ಮರೆತ್ರೆ? ಎಮರ್ಜೆನ್ಸಿಗೆ ಒಂದು ದಾರಿ ಇರ್ಬೇಕು."

ಹೆಡ್‌ಕ್ಲಾರ್ಕ್ ಎಷ್ಟು ಮುಂದಾಲೋಚನೆಯ ಮನುಷ್ಯ ಎಂದು ಅಧ್ಯಕ್ಷರು ಮೆಚ್ಚಿ ತಲೆಯಾಡಿಸಿದರು. ಪಾಸ್‌ವರ್ಡ್ ಹೊಸದಾಯಿತು. ಹಿತ್ತಿಲ ಬಾಗಿಲು ಕಂಪನಿ ಬಿಟ್ಟ ಹಾಗೆಯೇ ಉಳಿಯಿತು.

ಮುಂದಿನ ಎರಡೂವರೆ ತಿಂಗಳು ಮುನಿರಾಮಯ್ಯ ಅವಸರ ಮಾಡಲಿಲ್ಲ. ಅವಸರ ಕಳ್ಳರ ಗುಣ. ಅವನು ತನ್ನನ್ನು ಕಳ್ಳನೆಂದು ಎಣಿಸಿರಲಿಲ್ಲ. ಹಳೆಯ ರಟ್ಟಿನ ಮೇಲೆ ಕೀಗಳ ಚೌಕ ಬರೆದುಕೊಂಡು, ಮನೆಯಲ್ಲಿ ಬಚ್ಚಲ ಬಾಗಿಲು ಹಾಕಿ, ಬೆರಳು ಪಳಗಿಸಿದ. ಮೂರು ಒಟ್ಟಿಗೆ, ಆಮೇಲೆ ಎರಡು, ಆಮೇಲೆ ಒಂದು. ಕಣ್ಣು ಮುಚ್ಚಿಯೂ ತಪ್ಪದ ಹಾಗಾಯಿತು.

ಯೋಜನೆಯ ಸೊಗಸು ಇದ್ದದ್ದು ಅದರ ಅಚ್ಚುಕಟ್ಟಿನಲ್ಲಿ. ಮೂರು ಕಡೆ ಮೂರು ಸಾಕ್ಷಿ. ಒಂದು, ನರಸಮ್ಮನ ಹೆಬ್ಬೆಟ್ಟಿನ ಒಪ್ಪಿಗೆ ಪತ್ರ. ಎರಡು, ಆ ಪತ್ರ ಬಂದಿತೆಂದು ಇನ್‌ವರ್ಡ್ ರಿಜಿಸ್ಟರಿನಲ್ಲಿ ಒಂದು ಸಾಲು. ಮೂರು, ಕಂಪ್ಯೂಟರಿನಲ್ಲಿ ವರ್ಗಾವಣೆಯ ದಾಖಲೆ. ಮೊದಲೆರಡು ಅವನ ಕೈಯಲ್ಲೇ ಇದ್ದವು. ಮೂರನೆಯದಕ್ಕೆ ಮೆಷಿನ್ ತಾನಾಗಿಯೇ ಎರಡು ವಿವರ ಸೇರಿಸುತ್ತಿತ್ತು: ಆಪರೇಟರ ಹೆಸರು ಮತ್ತು ನಮೂದಾದ ದಿನ. ಆಪರೇಟರ ಹೆಸರಿನ ಜಾಗದಲ್ಲಿ ಇಂಜಿನಿಯರು ಮೊದಲ ದಿನವೇ ಜಗದಾಂಬಾ ಎಂದು ಕೂರಿಸಿಬಿಟ್ಟಿದ್ದ. ಯಾರೇ ಕೂತು ಹೊಡೆದರೂ ಅದೇ ಹೆಸರು ಬೀಳುತ್ತದೆ. ನಾಳೆ ಯಾರಾದರೂ ತಕರಾರು ತೆಗೆದರೆ ಉತ್ತರ ಸಿದ್ಧ: ಆ ಹುಡುಗಿಯನ್ನು ಕೇಳಿ, ಒಪ್ಪಿಗೆ ಕೇಳಿಸಿಕೊಂಡು ಹಾಕಿದವಳು ಅವಳು. ಇಲ್ಲವೆಂದರೆ ಅವಳೇ ಸುಳ್ಳಿ. ಖಾಯಂ ಆಗದ ಹುಡುಗಿಯ ಮಾತು, ಸಂಘ ಹುಟ್ಟಿದಂದಿನಿಂದ ಇರುವ ಹೆಡ್‌ಕ್ಲಾರ್ಕಿನ ಮಾತು. ಯಾವುದು ನಿಲ್ಲುತ್ತದೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಮನೆಗೆ ಹೋದರೆ ಹೋಗಲಿ, ಮದುವೆ ಮಾಡಿಕೊಂಡು ಸುಖವಾಗಿರುತ್ತಾಳೆ ಎಂದು ಅವಳ ಪರವಾಗಿ ಒಂದಿಷ್ಟು ಸಂತೋಷವನ್ನೂ ಪಟ್ಟ.

ಅಕ್ಟೋಬರ್ ಐದರ ಸಂಜೆ ಅತ್ತಿಗೆಯ ಕೋಣೆಗೆ ಹೋದ. ಅವಳು ಊದುಬತ್ತಿಯ ಕಪ್ಪು ಹತ್ತಿದ ಕೈ ಒರೆಸಿಕೊಂಡು ಚಾಪೆ ಹಾಸಿದಳು.

"ಅತ್ತಿಗೆ, ವಿಧವಾ ಪಿಂಚಣಿಗೆ ಅರ್ಜಿ ತಂದಿದೀನಿ. ಹೆಬ್ಬೆಟ್ಟು ಹಾಕ್ಕೊಡಿ."

"ನಂಗ್ಯಾಕಪ್ಪಾ ಇಷ್ಟೆಲ್ಲ ಓಡಾಡ್ತೀಯ?"

"ಅಣ್ಣ ಇದ್ದಿದ್ರೆ ಮಾಡ್ತಿರ್ಲಿಲ್ವಾ?"

ಅವಳ ಕಣ್ಣಲ್ಲಿ ನೀರು ಬಂತು. ಮುನಿರಾಮಯ್ಯ ಅವಳ ಹೆಬ್ಬೆರಳನ್ನು ತಾನೇ ಹಿಡಿದು, ಇಂಕ್ ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಎಡದಿಂದ ಬಲಕ್ಕೆ ಹದವಾಗಿ ಹೊರಳಿಸಿದ. ಗೆರೆಗೆರೆಯೂ ಸ್ಪಷ್ಟವಾಗಿ ಬಿತ್ತು. ಬತ್ತಿ ಹೊಸೆದು ಹೊಸೆದು ಬೆರಳು ಸವೆದಿರಬಹುದೆಂದು ಅವನಿಗೆ ಅಂಜಿಕೆಯಿತ್ತು. ದೇವರು ದೊಡ್ಡವನು ಎಂದುಕೊಂಡ. ಹೊರಡುವಾಗ ಅವಳು ಸಾರಿನ ಪಾತ್ರೆಯೊಂದನ್ನು ಕೈಗಿತ್ತಳು. ಅವರೆಕಾಳಿನ ಸಾರು, ಅವನಿಗೆ ಇಷ್ಟವಾದದ್ದು. ಎರಡು ಸಲ ಬಡಿಸಿಕೊಂಡು ಉಂಡ.

ದಿನಕ್ಕೆ ಆರಿಸಿಕೊಂಡದ್ದು ಏಳನೇ ತಾರೀಖು, ಬುಧವಾರ. ಒಪ್ಪಿಗೆ ಪತ್ರದಲ್ಲಿ ಏಳು, ಇನ್‌ವರ್ಡ್ ರಿಜಿಸ್ಟರಿನಲ್ಲಿ ಏಳು. ಬೆಳಿಗ್ಗೆ ಅಧ್ಯಕ್ಷರ ಮುಂದೆ ನಲವತ್ತು ಕಾಗದ ಇಟ್ಟು ಸಹಿ ಮಾಡಿಸಿದಾಗ ಆ ಪತ್ರ ಮೂವತ್ತೊಂದನೆಯದು. ಶಂಭುಲಿಂಗಪ್ಪ ಹದಿನೈದರ ನಂತರ ಓದುವುದಿಲ್ಲ ಎಂಬುದು ಅವನ ಬಹುದಿನದ ಅನುಭವ. ಅಂದು ಮಧ್ಯಾಹ್ನ ಹನ್ನೆರಡರಿಂದ ಒಂದೂವರೆಗೆ ರಾಹುಕಾಲ. ಅದು ಕಳೆಯುವವರೆಗೆ ಕಾದ. ವಿಧವೆಯ ಮಣ್ಣನ್ನು ಕಸಿಯಲು ಹೊರಟವನಾದರೂ, ಶುಭಕಾರ್ಯವನ್ನು ರಾಹುಕಾಲದಲ್ಲಿ ಆರಂಭಿಸುವ ಅವಿವೇಕಿಯಾಗಿರಲಿಲ್ಲ.

ಒಂದೂ ಮೂವತ್ತೈದಕ್ಕೆ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಜಗದಾಂಬಾಳ ಚಪ್ಪಲಿ ಇರಲಿಲ್ಲ. ಊಟದ ಡಬ್ಬಿ ಹಿಡಿದು ಮಹಡಿಗೆ ಹೋಗಿದ್ದಳು. ಮುನಿರಾಮಯ್ಯ ತನ್ನ ಚಪ್ಪಲಿಯನ್ನು ತನ್ನ ಮೇಜಿನ ಕೆಳಗೇ ಬಿಟ್ಟು, ಪೆನ್ನಿನ ಮುಚ್ಚಳ ತೆರೆದಿಟ್ಟು, ಬರಿಗಾಲಲ್ಲಿ ಒಳಗೆ ಹೋದ. ಬಾಗಿಲಲ್ಲಿ ಚಪ್ಪಲಿಯಿಲ್ಲದ ಕೋಣೆ ಎಂದರೆ ಖಾಲಿ ಕೋಣೆ. ಆಫೀಸಿನವರೆಲ್ಲ ಅದನ್ನೇ ನೋಡುವುದು.

ಮೂರು ಕೀ. ಪರದೆ ಕಪ್ಪಾಯಿತು. ಒಳಗೆಲ್ಲೋ ಗೊರಗೊರ ಸದ್ದು. ಅರ್ಧ ನಿಮಿಷ ಯುಗದಷ್ಟು ಉದ್ದವಾಯಿತು. ಹಸಿರು ಅಕ್ಷರಗಳ ಪ್ರಶ್ನೆ ಮೂಡುತ್ತಿದ್ದಂತೆ, ಅದನ್ನು ಓದುವ ಗೋಜಿಗೂ ಹೋಗದೆ, ಕಂಟ್ರೋಲ್ ಮತ್ತು ಸಿ ಒತ್ತಿದ. ನಿಲ್ಲಿಸಲೇ? ಹೌದು. ಕಾವಲುಗಾರನ ಕತ್ತು ಹಿಸುಕಿದ್ದಕ್ಕೆ ಅವನಿಗೆ ಒಳಗೊಳಗೇ ನಗು ಬಂತು. ಪಟ್ಟಿ ತೆರೆದ. ನೂರ ಹದಿನಾಲ್ಕು. ನರಸಮ್ಮನ ಹೆಸರು ಅಳಿಸುವುದಕ್ಕೆ ಅದರಲ್ಲಿರುವಷ್ಟೇ ಅಕ್ಷರಗಳ ಹೊತ್ತು ಹಿಡಿಯಿತು. ಆ ಜಾಗದಲ್ಲಿ ತನ್ನ ಹೆಸರು ಹೊಡೆದ. ಕಾರಣ: ಸದಸ್ಯರ ಮರಣ, ರಕ್ತಸಂಬಂಧಿಗೆ ವರ್ಗಾವಣೆ. ಉಳಿಸಿದ. ಮತ್ತೆ ಮೂರು ಕೀ ಒತ್ತಿ, ಮೆಷಿನ್ ಏಳುವುದನ್ನೂ ನೋಡದೆ ಹೊರಬಂದು, ಚಪ್ಪಲಿಯಲ್ಲಿ ಕಾಲಿಟ್ಟು, ಪೆನ್ನು ಎತ್ತಿಕೊಂಡ. ಎಲ್ಲ ಸೇರಿ ಏಳು ನಿಮಿಷ.

ಎರಡು ಗಂಟೆಗೆ ಜಗದಾಂಬಾ ಬಂದು ಪರದೆ ನೋಡಿ ಹುಬ್ಬು ಗಂಟಿಕ್ಕಿದಳು.

"ಇದ್ಯಾಕ್ ಸಾರ್ ಮೊದಲಿಂದ ಶುರುವಾಗಿದೆ?"

"ಕರೆಂಟ್ ಹೋಗಿ ಬಂತಮ್ಮ."

ದಿನಕ್ಕೆ ಮೂರು ಸಲ ಕರೆಂಟು ಹೋಗುವ ಊರಿನಲ್ಲಿ ಅದಕ್ಕಿಂತ ಒಳ್ಳೆಯ ಸುಳ್ಳು ಬೇಕಿರಲಿಲ್ಲ. ಅವಳು ಕೂತು ಟಕಟಕ ಏನೇನೋ ಹೊಡೆದು ತನ್ನ ಕೆಲಸ ಮುಂದುವರಿಸಿದಳು.

ಸರ್ವ ಸದಸ್ಯರ ಸಭೆ ಹದಿನೆಂಟನೇ ತಾರೀಖು, ಭಾನುವಾರ ಬೆಳಿಗ್ಗೆ. ಅಲ್ಲಿ ಪಟ್ಟಿ ಓದಿ, ಆಕ್ಷೇಪಣೆ ಇಲ್ಲವೆಂದು ಠರಾವಾದರೆ ಮುಗಿಯಿತು. ಆಮೇಲೆ ಕೋರ್ಟಿಗೆ ಹೋದರೂ ಅಲ್ಲಾಡುವಂತಿಲ್ಲ. ನರಸಮ್ಮ ಸಭೆಗೆ ಬಾರದಂತೆ ನೋಡಿಕೊಳ್ಳುವುದು ದಡ್ಡರ ದಾರಿ ಎಂದು ಮುನಿರಾಮಯ್ಯನಿಗೆ ಅನ್ನಿಸಿತು. ಅವಳನ್ನು ತಾನೇ ಕರೆತಂದ. ಆಫೀಸಿನ ಮುಂದಿನ ಶಾಮಿಯಾನದಲ್ಲಿ ಹೆಂಗಸರ ಸಾಲಿನಲ್ಲಿ, ಎಲ್ಲರಿಗೂ ಕಾಣುವ ಕುರ್ಚಿಯಲ್ಲಿ ಕೂರಿಸಿದ.

"ನೂರ ಹದಿನಾಲ್ಕು ಅಂದಾಗ ನನ್ ಹೆಸ್ರು ಓದ್ತಾರೆ ಅತ್ತಿಗೆ. ಮನೆ ಗಂಡಸ್ರ ಹೆಸ್ರು ಓದೋದು ಇಲ್ಲಿನ ಪದ್ಧತಿ. ಅಧ್ಯಕ್ಷರು ಒಪ್ಪಿಗೆನಾ ಅಂತ ಕೇಳ್ತಾರೆ. ಕೈ ಎತ್ತಿ, ಅಷ್ಟೇ."

ಹಾಗೆಯೇ ಆಯಿತು. ನೂರ ಹದಿನಾಲ್ಕು, ಮುನಿರಾಮಯ್ಯ. ಪಟ್ಟಿ ಮುಗಿದ ಮೇಲೆ ಅಧ್ಯಕ್ಷರು ಒಪ್ಪಿಗೆ ಕೇಳಿದಾಗ ಎಲ್ಲರಿಗಿಂತ ಮೊದಲು ಎದ್ದ ಕೈ ನರಸಮ್ಮನದು. ಬಲಗೈ, ನೆಟ್ಟಗೆ, ಬಳೆಯಿಲ್ಲದ್ದು. ಮುನಿರಾಮಯ್ಯ ಅದನ್ನು ಕಣ್ತುಂಬ ನೋಡಿದ. ಮುಂದಿನ ಭಾನುವಾರ ಅವಳು ಬುತ್ತಿ ಕಟ್ಟಿಕೊಂಡು ಹೋಗುವಷ್ಟರಲ್ಲಿ ಅಲ್ಲಿ ಮುಳ್ಳುತಂತಿಯ ಬೇಲಿ ಬಿದ್ದಿರಬೇಕು. ಕಲ್ಲುಕಂಬದವನಿಗೆ ಆಗಲೇ ಹೇಳಿಟ್ಟಿದ್ದ.

ಮೈಸೂರುಪಾಕು ಹಂಚುತ್ತಿದ್ದಾಗ ಅಧ್ಯಕ್ಷರಿಗೆ ಹುಮ್ಮಸ್ಸು ಬಂತು. ಮೆಷಿನ್ ಇಲ್ಲೇ ಇದೆ, ಈ ವರ್ಷದ ವರ್ಗಾವಣೆ ಪತ್ರಗಳನ್ನು ಸೋಮವಾರದವರೆಗೆ ಯಾಕೆ ಕಾಯಿಸಬೇಕು, ಈಗಲೇ ಪ್ರಿಂಟ್ ತೆಗೆದು ಸಭೆಯ ಮುಂದೆಯೇ ಸಹಿ ಮಾಡಿ ಕೊಡೋಣ ಎಂದರು. ಚಪ್ಪಾಳೆ ಬಿತ್ತು.

"ನಮ್ಮದೇ ಮೊದ್ಲು ಆಗ್ಲಿ ಸಾರ್," ಎಂದು ಮುನಿರಾಮಯ್ಯ ಮುಂದೆ ಬಂದು ನಿಂತ. ಒಪ್ಪಿಗೆ ಪತ್ರ, ರಿಜಿಸ್ಟರು, ಈಗ ಮೆಷಿನ್ನಿನ ಕಾಗದ. ಮೂರೂ ಏಳನೇ ತಾರೀಖು. ಇಂಥ ಅಚ್ಚುಕಟ್ಟನ್ನು ಒಂದು ಸಲವಾದರೂ ಜನರ ಮುಂದೆ ಹಿಡಿಯಬೇಕೆಂಬ ಆಸೆ ಅವನಿಗೂ ಇತ್ತು.

ಜಗದಾಂಬಾ ಒಳಗಿನಿಂದ ಕಾಗದ ತಂದು ಕೊಟ್ಟಳು. ಅವಳ ಮುಖ ಹೇಗೋ ಇತ್ತು. ಅಧ್ಯಕ್ಷರು ಮೈಕಿನಲ್ಲಿ ಓದತೊಡಗಿದರು.

"ಸೈಟ್ ನಂಬರ್ ನೂರ ಹದಿನಾಲ್ಕು. ಹಕ್ಕು ವರ್ಗಾವಣೆ, ಮುನಿರಾಮಯ್ಯನವರಿಗೆ. ಕಾರಣ, ಸದಸ್ಯರಾದ ಬೈರಯ್ಯನವರ ಮರಣ. ದಾಖಲಾದ ದಿನಾಂಕ, ಒಂದನೇ ಜನವರಿ ಸಾವಿರದ ಒಂಬೈನೂರ ಎಂಬ..." ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡರು. "ಎಂಬತ್ತು?"

ಶಾಮಿಯಾನದಲ್ಲಿ ನಗು ಎದ್ದಿತು. ಸಂಘವೇ ಇಲ್ಲದ ಕಾಲದಲ್ಲಿ ವರ್ಗಾವಣೆ! ನಗು ಇಳಿಯುವಷ್ಟರಲ್ಲಿ ಹೆಂಗಸರ ಸಾಲಿನಿಂದ ನರಸಮ್ಮ ಎದ್ದು ನಿಂತಿದ್ದಳು.

"ಎಂಬತ್ತರಲ್ಲಿ ನಮ್ಮೋರು ಸತ್ತೇ ಇರ್ಲಿಲ್ವಲ್ಲ ಸ್ವಾಮಿ. ಆ ಜನವರೀಲಿ ಇಬ್ರೂ ಶಿವಗಂಗೆ ಬೆಟ್ಟ ಹತ್ತಿದ್ವಿ. ವರ್ಗಾವಣೆ ಅಂದ್ರೇನು? ನಾನ್ಯಾರ್ಗೂ ಏನೂ ಕೊಟ್ಟಿಲ್ವೇ."

ಅಧ್ಯಕ್ಷರು ಫೈಲು ಬಿಡಿಸಿ ಹೆಬ್ಬೆಟ್ಟಿನ ಪತ್ರ ಎತ್ತಿ ತೋರಿಸಿದರು. ಅವಳು ಹತ್ತಿರ ಬಂದು ನೋಡಿದಳು.

"ಇದು ಪಿಂಚಣಿಗೆ ಅಂತ ಮುನಿರಾಮಯ್ಯ ಒತ್ತಿಸ್ಕೊಂಡಿದ್ದು."

ಮುನಿರಾಮಯ್ಯನ ಉತ್ತರ ಸಿದ್ಧವಿತ್ತಲ್ಲ. "ಅತ್ತಿಗೆಗೆ ಮರೆವು ಸಾರ್. ಏಳನೇ ತಾರೀಖು ಖುದ್ದಾಗಿ ಬಂದು ಒಪ್ಪಿಗೆ ಹೇಳಿದಾರೆ. ಆಪರೇಟರ್ ಹೆಸ್ರು ನೋಡಿ, ಜಗದಾಂಬಾ. ತಾರೀಖನ್ನ ತಪ್ಪು ಹೊಡ್ದಿದಾಳೆ. ಇಂಥೋಳನ್ನ ಖಾಯಂ ಮಾಡ್ಬೇಡಿ ಅಂತ ನಾನು ಅವತ್ತೇ ಅಂದಿದ್ದೆ."

"ಆ ತಾರೀಖು ನಾನು ಹೊಡೆಯೋದಲ್ಲ ಸಾರ್, ಮೆಷಿನ್ನೇ ಹಾಕೋದು," ಎಂದಳು ಜಗದಾಂಬಾ. "ಏಳನೇ ತಾರೀಖು ನಾನು ಹಾಕಿದ್ ಐದು ವರ್ಗಾವಣೆಗೂ ಏಳೇ ಬಿದ್ದಿದೆ. ಇದೊಂದಕ್ಕೆ ಮಾತ್ರ ಬಿದ್ದಿಲ್ಲ. ಯಾಕೆ ಅಂತ ತೋರಿಸ್ತೀನಿ, ಬನ್ನಿ."

ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಟ್ಟರು, ಅಧ್ಯಕ್ಷರೂ ಬಿಟ್ಟರು, ನರಸಮ್ಮನೂ ಬಿಟ್ಟಳು. ಹಿಂದೆ ಉಳಿಯಲು ನೋಡಿದ ಮುನಿರಾಮಯ್ಯನ ತೋಳನ್ನು ಯಾರೋ ಹಿಡಿದು ಮುಂದಕ್ಕೆ ತಂದರು. ಜಗದಾಂಬಾ ಮೂರು ಕೀ ಒತ್ತಿದಳು. ಪರದೆ ಕಪ್ಪಾಯಿತು, ಗೊರಗೊರ ಸದ್ದಾಯಿತು, ಹಸಿರು ಅಕ್ಷರಗಳ ಪ್ರಶ್ನೆ ಮೂಡಿತು. ಬಚ್ಚಲಲ್ಲಿ ರಟ್ಟಿನ ಮೇಲೆ ಎರಡೂವರೆ ತಿಂಗಳು ಬೆರಳು ಪಳಗಿಸಿದ್ದ ಮುನಿರಾಮಯ್ಯ ಆ ಪ್ರಶ್ನೆಯನ್ನು ಮೊದಲ ಬಾರಿಗೆ ಓದಿದ. "ಇದು ಪಾಸ್‌ವರ್ಡ್ ಅಲ್ಲ ಸಾರ್, ಪಾಸ್‌ವರ್ಡ್ ಇದಾದ್ಮೇಲೆ ಬರೋದು," ಎಂದಳು ಜಗದಾಂಬಾ. "ಈ ಮೆಷಿನ್ನಿಗೆ ಸ್ವಂತ ಗಡಿಯಾರ ಇಲ್ಲ. ಆಫ್ ಆಗಿ ಆನ್ ಆದಾಗೆಲ್ಲ ಇವತ್ತು ಯಾವ ತಾರೀಖು ಅಂತ ಮೊದ್ಲು ನನ್ನನ್ನೇ ಕೇಳುತ್ತೆ. ಯಾರೂ ಹೇಳ್ದೆ ಹೋದ್ರೆ ಎಂಬತ್ತನೇ ಇಸ್ವಿ ಜನವರಿ ಒಂದು ಅಂದ್ಕೊಳ್ಳುತ್ತೆ."